ಬ್ರಹ್ಮಪುತ್ರನ ಮಡಿಲಲ್ಲಿ ಬಿತ್ತನೆಯ ಹಬ್ಬ

ನಮ್ಮ ನದಿಗಳಲ್ಲಿ ಹೆಚ್ಚಿನವು ತಾಯಂದಿರು. ಬ್ರಹ್ಮಪುತ್ರನಾದರೋ ಪುರುಷನಾಮದ ನದ. 2023ರ ಜನವರಿ 13ರಂದು ವಾರಾಣಸಿಯಿಂದ ಹೊರಟ 'ಗಂಗಾ ವಿಲಾಸ' ನೌಕೆಯು ಬಾಂಗ್ಲಾದೇಶದ ಮಾರ್ಗವಾಗಿ ಸುಮಾರು 3,200 ಕಿ.ಮೀ. ಕ್ರಮಿಸಿ, ಫೆಬ್ರುವರಿ 28ರಂದು ಅಸ್ಸಾಮಿನ ದಿಬ್ರುಗಢವನ್ನು ಸೇರಿದಂದಿನಿಂದ ಈ ಜಲಯಾನದ ಹೆಸರು ಮನೆಮಾತಾಗಿದೆ. ಅಂತಹ ವೈಭವ ಎಲ್ಲರಿಗೂ ಎಟುಕದು. ಜೋರ್ಹಾಟ್ ಸಮೀಪದ ನಿಮಾತಿ ಘಾಟಿನಿಂದ ಹಳ್ಳಿಗರನ್ನೂ ಅವರ ಮೂಟೆಗಳನ್ನೂ ಹೊತ್ತು ಸಾಗುವ ದೋಣಿಯಲ್ಲಿಯೇ ನಾವು ಮಾಜುಲಿ ದ್ವೀಪವನ್ನು ತಲಪಿದೆವು.

ಮಾಜುಲಿಯು ವೈಷ್ಣವ ಸತ್ರಗಳಿಗೆ ಪ್ರಸಿದ್ಧ. ಆದರೆ ನಾವು ಹೋದದ್ದು ಅಲ್ಲಿನ ಮಿಸಿಂಗ್ ಜನರ 'ಅಲಿ ಆಯೆ ಲಿಗಾಂಗ್' ಹಬ್ಬಕ್ಕೆ. ಅಲಿ ಎಂದರೆ ಗಡ್ಡೆ, ಆಯೆ ಎಂದರೆ ಬೀಜ, ಲಿಗಾಂಗ್ ಎಂದರೆ ಬಿತ್ತುವುದು. ಫಾಗುನ್ ಮಾಸದ ಮೊದಲ ಬುಧವಾರ, ಎಂದರೆ ಫೆಬ್ರುವರಿಯ ನಡುವಿನಲ್ಲಿ, ಈ ಹಬ್ಬ ಬರುತ್ತದೆ. ಅಂದು ಮನೆಯ ಯಜಮಾನನು ಸೂರ್ಯಚಂದ್ರರನ್ನೂ ಹಿರಿಯರನ್ನೂ ನೆನೆದು ಹೊಲದಲ್ಲಿ ಭತ್ತದ ಮೊದಲ ಬೀಜವನ್ನು ಬಿತ್ತುತ್ತಾನೆ. ಬಳಿಕ ತರುಣ ತರುಣಿಯರು ಗುಮ್ರಾಗ್ ನೃತ್ಯವಾಡುತ್ತಾರೆ. ಹಬ್ಬದ ದಿನಗಳಲ್ಲಿ ನೇಗಿಲು ಹೂಡುವುದೂ ಮರ ಕಡಿಯುವುದೂ ನಿಷಿದ್ಧ; ಭೂಮಿಗೂ ಒಂದಿಷ್ಟು ವಿಶ್ರಾಂತಿ.

ಅಕ್ಕಿಯಿಂದ ತಯಾರಿಸಿದ 'ಆಪಾಂಗ್' ಎಂಬ ಪಾನ ಅವರ ಆಚರಣೆಯ ಅಂಗ. ಕೈಮುಗಿದು ಬೇಡವೆಂದ ನಮಗೆ, ಕಂಬಗಳ ಮೇಲೆ ಕಟ್ಟಿದ ಮನೆಯೊಳಗೆ ಕೂರಿಸಿ, ಎಲೆಯಲ್ಲಿ ಸುತ್ತಿ ಬೇಯಿಸಿದ ಅನ್ನವನ್ನು ಅಕ್ಕರೆಯಿಂದ ಬಡಿಸಿದರು. ಆಚಾರ ಬೇರೆಯಾದರೂ ಆದರ ಒಂದೇ.

ಈ ಸಂಭ್ರಮದ ಹಿಂದೆ ಒಂದು ಅಳಲಿದೆ. 1950ರ ಆಗಸ್ಟ್ 15ರ ಮಹಾಭೂಕಂಪದಿಂದ ಗುಡ್ಡಗಳು ಕುಸಿದು, ನದದ ಪಾತ್ರದಲ್ಲಿ ಹೂಳು ತುಂಬಿ, ಪ್ರವಾಹವು ದಡಗಳನ್ನು ಕೊರೆಯುವುದು ಹೆಚ್ಚಿತು. ಒಂದು ಕಾಲಕ್ಕೆ 1,200 ಚದರ ಕಿ.ಮೀ.ಗೂ ಮಿಗಿಲಾಗಿದ್ದ ದ್ವೀಪದಲ್ಲಿ ಇಂದು ಅದರ ಅರ್ಧದಷ್ಟೂ ನೆಲ ಉಳಿದಿಲ್ಲ. 2016ರಲ್ಲಿ ಮಾಜುಲಿಗೆ ಜಿಲ್ಲೆಯ ಸ್ಥಾನ ದೊರೆಯಿತು. ಕಳೆದುಹೋದ ಹೊಲಗಳು ಮಾತ್ರ ದೊರೆಯಲಿಲ್ಲ.

ನೌಕೆಯ ಮೇಲಿನಿಂದ ನೋಡುವವರಿಗೆ ಇದು ಅರ್ಧಗಂಟೆಯ ಕುಣಿತ. ದಡಕ್ಕಿಳಿದು ಹೊಲದ ಬದುವಿನವರೆಗೆ ನಡೆದವರಿಗೆ, ಮುಂದಿನ ಮಳೆಗಾಲಕ್ಕೆ ಇರುವುದೋ ಇಲ್ಲವೋ ಎಂಬ ಮಣ್ಣಿನಲ್ಲಿಯೂ ಬೀಜವಿಡುವ ಕೈಗಳು ಕಾಣುತ್ತವೆ. ಮಕ್ಕಳೊಡನೆ ಪ್ರವಾಸ ಹೊರಡುವ ಕುಟುಂಬಗಳು ಕುಣಿತದ ಚಿತ್ರಕ್ಕೇ ತೃಪ್ತರಾಗದೆ ಆ ಕೈಗಳನ್ನೂ ಮಕ್ಕಳಿಗೆ ತೋರಿಸಲಿ. ನಾಳೆಯ ಭರವಸೆಯಿಲ್ಲದೆಯೂ ಇಂದಿನ ದುಡಿಮೆಯನ್ನು ಶ್ರದ್ಧೆಯಿಂದ ಮಾಡುವುದಕ್ಕಿಂತ ದೊಡ್ಡ ಪಾಠ ಯಾವ ಯಾತ್ರೆಯಲ್ಲಿ ದೊರೆತೀತು?