ಎಂಟರ್ ಒತ್ತಿದರೂ ಸಾಲು ಮುರಿಯದ ಊರು

ಲಿನಕ್ಸ್ ಬಳಸುವ ಬ್ಲಾಗ್ ಗೆಳೆಯರಿಗೆ ಮ್ಯಾನ್ ಪುಟಗಳು ಹೊಸದಲ್ಲ. ಅವನ್ನು ಬರೆಯೋ ಭಾಷೆ ರಾಫ್. ಇದರ ಮುತ್ತಜ್ಜ 1964ರಲ್ಲಿ ಜೆರೋಮ್ ಸಾಲ್ಟ್ಜರ್ ಬರೆದ ರನ್‌ಆಫ್. ಈಗ ಹೆಚ್ಚಿನ ಲಿನಕ್ಸ್‌ಗಳಲ್ಲಿ ಆ ಮನೆ ನಡೆಸ್ತಿರೋದು ಗ್ರಾಫ್. ಹೊಸಬರು ಇದನ್ನ ಬೈಯೋದು ಒಂದೇ ಮಾತಲ್ಲಿ: "ಎಂಟರ್ ಒತ್ತಿದ್ರೂ ಸಾಲು ಮುರಿಯಲ್ವಲ್ಲ ಮಾರಾಯ್ರೆ!"

ಮುರಿಯಬಾರದು ಅನ್ನೋದೇ ನನ್ನ ವಾದ :)

ನೀವು ಬರೆದ ಸಾಲುಗಳನ್ನೆಲ್ಲ ರಾಫ್ ಒಟ್ಟಿಗೆ ಸುರಿದುಕೊಂಡು, ಓದುಗನ ಕಿಟಕಿ ಎಷ್ಟು ಅಗಲವಿದೆಯೋ ಅಷ್ಟಕ್ಕೆ ಮತ್ತೆ ತುಂಬುತ್ತೆ. ಅಂದ್ರೆ ಬರೆಯುವವನ ಸಾಲು ಬೇರೆ, ಓದುವವನ ಸಾಲು ಬೇರೆ. ಬ್ರಯಾನ್ ಕರ್ನಿಹ್ಯಾನ್ 1974ರಲ್ಲೇ ಹೇಳಿದ್ದರು, ಪ್ರತಿ ವಾಕ್ಯವನ್ನೂ ಹೊಸ ಸಾಲಿನಿಂದ ಶುರು ಮಾಡಿ ಅಂತ. ಆಮೇಲೆ ತಿದ್ದೋದು ಸುಲಭ. ಇವತ್ತು ಗಿಟ್‌ನಲ್ಲಿ ಡಿಫ್ ನೋಡುವವರಿಗೆ ಈ ಮಾತಿನ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ಒಂದು ವಾಕ್ಯ ಬದಲಾದ್ರೆ ಒಂದೇ ಸಾಲು ಬದಲಾಗುತ್ತೆ, ಇಡೀ ಪ್ಯಾರಾ ಕೆಂಪು-ಹಸಿರು ಆಗಲ್ಲ.

ಆದರೆ ನಮ್ಮ ಜನಕ್ಕೆ ತಾಳ್ಮೆ ಎಲ್ಲಿದೆ? ಸಾಲು ಮುರಿಯೋಕೆ ಚುಕ್ಕಿ-ಬಿಆರ್ ಅಂತ ಒಂದು ಆಜ್ಞೆ ಇದೆ ಅಂತ ಗೊತ್ತಾದ ಕೂಡಲೇ ಸಾಲುಸಾಲಿಗೂ ಅದನ್ನೇ ಉದುರಿಸ್ತಾರೆ. ಆಪ್ಷನ್‌ಗಳ ಪಟ್ಟಿ ಬೇಕಾ? ಬಿಆರ್. ಅದರ ವಿವರಣೆ ಒಳಗೆ ಸರಿಯಬೇಕಾ? ಎಂಟು ಸ್ಪೇಸ್ (ಸಾಲಿನ ಮೊದಲಲ್ಲಿ ಸ್ಪೇಸ್ ಇದ್ದರೂ ಸಾಲು ಮುರಿಯುತ್ತೆ, ಅದು ಬೇರೆ ಕಥೆ). ಅವರ ದೊಡ್ಡ ಮಾನಿಟರಿನಲ್ಲಿ ಎಲ್ಲ ಮುತ್ತು ಪೋಣಿಸಿದ ಹಾಗೆ ಕಾಣುತ್ತೆ. ಐವತ್ತು ಅಕ್ಷರದ ಸಣ್ಣ ಕಿಟಕಿಯಲ್ಲಿ ತೆರೆದು ನೋಡಿ, ಒಂದು ಪೂರ್ತಿ ಸಾಲು, ಒಂದು ತುಂಡು ಸಾಲು, ಮತ್ತೆ ಪೂರ್ತಿ, ಮತ್ತೆ ತುಂಡು! ಪಟ್ಟಿಗೆ ಟಿಪಿ ಮ್ಯಾಕ್ರೋ ಇದೆ. ಕೋಡ್ ಹಾಗೆ ಹಾಗೇ ನಿಲ್ಲಬೇಕಾದ್ರೆ ಎನ್‌ಎಫ್, ಮುಗಿದ ಮೇಲೆ ಎಫ್‌ಐ. ಇಷ್ಟು ಕಲಿಯೋಕೆ ಹತ್ತು ನಿಮಿಷ ಸಾಕು.

ಹಾಗಂತ ರಾಫ್ ಏನು ದೇವರಲ್ಲ. ಅದರ ಒಂದು ಗುಣ ನನಗೆ ನಿಜಕ್ಕೂ ಭಯ ಹುಟ್ಟಿಸುತ್ತೆ. ಸಾಲಿನ ಮೊದಲಲ್ಲಿ ಚುಕ್ಕಿ ಬಂದರೆ ಅದು ಆಜ್ಞೆ ಅಂತ ತಿಳ್ಕೊಳ್ಳುತ್ತೆ. ಪ್ಯಾರಾ ಹೊಂದಿಸುವಾಗ ".ಬ್ಯಾಶ್‌ಆರ್‌ಸಿ" ಅನ್ನೋ ಫೈಲಿನ ಹೆಸರು ಸಾಲಿನ ಮೊದಲಿಗೆ ಜಾರಿತು ಅಂದ್ಕೊಳ್ಳಿ, ಆ ಹೆಸರಿನ ಆಜ್ಞೆ ಇಲ್ಲವಲ್ಲ, ಇಡೀ ಸಾಲೇ ಮಾಯ! ಮಾಮೂಲಾಗಿ ಓಡಿಸಿದ್ರೆ ಒಂದು ಎಚ್ಚರಿಕೆಯೂ ಕಾಣಲ್ಲ. "ಈ ಫೈಲನ್ನು ಅಳಿಸಬೇಡಿ" ಅನ್ನೋ ಮಾತು ಆ ಸಾಲಲ್ಲೇ ಇದ್ದಿದ್ರೆ? ಹಿಂದುಗೆರೆ ಮತ್ತು ಆಂಪರ್‌ಸ್ಯಾಂಡ್ ಎರಡನ್ನೂ ಚುಕ್ಕಿಯ ಮುಂದೆ ಹಾಕಿದ್ರೆ ಬಚಾವ್, ಆದರೆ ಅದು ನೆನಪಿರೋದು ಯಾರಿಗೆ?

ಅದಕ್ಕೇ, ಪುಟ ಬರೆಯುವವರು ಗ್ರಾಫ್‌ನ ಎಚ್ಚರಿಕೆಗಳನ್ನೆಲ್ಲ ಆನ್ ಮಾಡಿ, ಇಲ್ಲಾ ಮ್ಯಾಂಡಾಕ್‌ನ ಲಿಂಟ್ ಓಡಿಸಿ. ಮ್ಯಾನ್‌ವಿಡ್ತ್ ಅನ್ನೋ ವೇರಿಯಬಲ್‌ಗೆ 50 ಕೊಟ್ಟು ಒಮ್ಮೆ, 120 ಕೊಟ್ಟು ಇನ್ನೊಮ್ಮೆ ಓದಿ ನೋಡಿ. ಬಿಆರ್ ಎಲ್ಲೆಲ್ಲಿ ಹೆಚ್ಚಾಗಿದೆ ಅಂತ ಅದೇ ಹೇಳುತ್ತೆ.