ಕ್ಷಣದ ದೋಷಕ್ಕೆ ಕ್ಷಣದ ದಾಖಲೆ

ಮಂದ್ರೂಪದ ಹೊಲದಲ್ಲಿ ಟ್ರ್ಯಾಕ್ಟರಿನ ದೀಪ ಒಮ್ಮೆ ಮಂಕಾಗಿ ಮತ್ತೆ ಬೆಳಗಿದರೆ, ಮೀಟರು ತರುವಷ್ಟರಲ್ಲಿ ದೋಷವೇ ಮರೆಯಾಗಿರುತ್ತದೆ. ಟ್ರ್ಯಾಕ್ಟರನ್ನು ನಿಲ್ಲಿಸಿ ಹುಡುಕಬಹುದು. ಮುಂಬಯಿಯ ಅಮೋಲ್ ಯಾದವ್ ಅವರು ಮನೆಯ ಮಾಳಿಗೆಯ ಮೇಲೆ ಕಟ್ಟಿದಂತಹ ವಿಮಾನವನ್ನು ಆಕಾಶದಲ್ಲಿ ನಿಲ್ಲಿಸಲಾಗದು. ಆದುದರಿಂದ ಸ್ವತಃ ವಿಮಾನ ಕಟ್ಟುವವರು ವೋಲ್ಟೇಜನ್ನು ಕಾಲದೊಡನೆ ಬರೆದಿಡುವ ಡೇಟಾ ಲಾಗರನ್ನು ಆಶ್ರಯಿಸುತ್ತಾರೆ. 12 ವೋಲ್ಟಿನ ಟ್ರ್ಯಾಕ್ಟರಿಗೂ ಅದೇ ಉಪಾಯ ಸಲ್ಲುತ್ತದೆ.

ಲಾಗರ್ ಕೊಳ್ಳುವವರು ಮೊದಲು ನೋಡಬೇಕಾದುದು ಬೆಲೆಯನ್ನಲ್ಲ, ವೇಗವನ್ನು. ನಿಮಿಷಕ್ಕೊಮ್ಮೆ ಅಳೆಯುವ ಉಪಕರಣಕ್ಕೆ ಅರ್ಧ ಸೆಕೆಂಡಿನ ಕುಸಿತ ಕಾಣದು. ಸೆಕೆಂಡಿಗೆ 10 ಸಲವಾದರೂ ಅಳೆಯಬೇಕು. ಆಗ ಗಂಟೆಗೆ 36,000 ಅಂಕಿಗಳು ಸೇರುತ್ತವೆ. ಅಷ್ಟನ್ನು ಹಿಡಿಸುವ ಮೆಮೊರಿ ಕಾರ್ಡ್ ಬೇಕು. ಎಂಜಿನ್ ಓಡುವಾಗ ವೋಲ್ಟೇಜು 14ರ ಸುತ್ತ ಇರುವುದರಿಂದ ಅಳತೆಯ ಮಿತಿ 20 ವೋಲ್ಟಾದರೂ ಇರಲಿ.

ಎರಡು ಚಾನೆಲ್‌ಗಳಿದ್ದರೆ ಲೇಸು: ಒಂದು ಬ್ಯಾಟರಿಗೆ, ಇನ್ನೊಂದು ದೀಪಕ್ಕೆ. ಎರಡೂ ಒಟ್ಟಿಗೆ ಕುಸಿದರೆ ಬ್ಯಾಟರಿಯನ್ನೂ ಚಾರ್ಜಿಂಗನ್ನೂ ಶಂಕಿಸಬೇಕು. ದೀಪದ ಬಳಿ ಮಾತ್ರ ಕುಸಿದರೆ ನಡುವಿನ ತಂತಿಯನ್ನೂ ಸ್ವಿಚ್ಚನ್ನೂ. ಅಳತೆಯ ತಂತಿಗೆ ಬ್ಯಾಟರಿಯ ಬಳಿಯೇ ಸಣ್ಣ ಫ್ಯೂಸ್ ಇರಲೇಬೇಕು. ಈ ಉಪಕರಣವನ್ನು ಮನೆಯ 230 ವೋಲ್ಟಿಗೆ ಮಕ್ಕಳು ಎಂದಿಗೂ ಜೋಡಿಸಬಾರದು.

ದಾಖಲೆಯನ್ನು ಓದಿದ ಮೇಲೆ ಹೊಸ ಬ್ಯಾಟರಿ ಬೇಕೋ, ಸಡಿಲವಾದ ತಿರುಪನ್ನು ಬಿಗಿಮಾಡಿದರೆ ಸಾಕೋ ಎಂಬುದು ತಾನೇ ತಿಳಿಯುತ್ತದೆ.