ತುಕ್ಕಿನ ಮೇಲೆ ತೇಪೆ

ಹಳೆಯ ವ್ಯಾನನ್ನು ಕೊಳ್ಳಹೊರಟವರು ಮೊದಲು ಎಂಜಿನ್ನಿನ ಸದ್ದಿಗೆ ಕಿವಿಗೊಡುತ್ತಾರೆ. ಬಳಿಕ ಬಣ್ಣವನ್ನು ನೋಡುತ್ತಾರೆ. ಟೈರುಗಳನ್ನು ಒದ್ದು ನೋಡಿ ತಲೆಯಾಡಿಸುವವರೂ ಉಂಟು. ಆದರೆ ನೆಲದ ಮೇಲೆ ಗೋಣಿಯನ್ನು ಹಾಸಿ, ಅಂಗಾತ ಮಲಗಿ, ವಾಹನದ ಅಡಿಯನ್ನು ಪರೀಕ್ಷಿಸುವವರು ಬಹು ವಿರಳ. ನಮ್ಮ ಪರಿಚಯದ ಗೃಹಸ್ಥರೊಬ್ಬರು, ಉಡುಪಿ ಜಿಲ್ಲೆಯ ಕಡಲತಡಿಯವರು, 2023ರಲ್ಲಿ ಹನ್ನೆರಡು ವರ್ಷ ಹಳೆಯದಾದ ಮಾರುತಿ ಓಮ್ನಿ ವ್ಯಾನೊಂದನ್ನು ಕೊಂಡರು. ಬೆಳಗ್ಗೆ ಮತ್ತು ಸಂಜೆ ಶಾಲೆಯ ಮಕ್ಕಳನ್ನು ಕರೆದೊಯ್ಯುವುದು, ನಡುವಿನ ಹೊತ್ತಿನಲ್ಲಿ ಬೇಕರಿಯ ಸಾಮಾನುಗಳನ್ನು ಸಾಗಿಸುವುದು, ಇದು ಅವರ ಜೀವನೋಪಾಯ. ವ್ಯಾನಿನ ಅಡಿಗೆ ಹೊಸದಾಗಿ ಬಳಿದಿದ್ದ ಕಪ್ಪು ಬಣ್ಣ ಫಳಫಳನೆ ಹೊಳೆಯುತ್ತಿದ್ದುದನ್ನು ಕಂಡು ಅವರಿಗೆ ಸಂತೋಷವೇ ಆಗಿತ್ತು. ಎಫ್.ಸಿ. ಮುಗಿಯಲು ಇನ್ನೂ ನಾಲ್ಕು ತಿಂಗಳು ಇದ್ದಿತು.

ಒಂದು ಮಳೆಗಾಲ ಕಳೆಯಿತು. ಹೊಂಡಗಳಲ್ಲಿ ಇಳಿದೇಳುವಾಗ ಹಿಂದಿನ ಎಡಮಗ್ಗುಲಿನಿಂದ ಕಟಕಟನೆ ಸದ್ದು ಬರತೊಡಗಿತು. ವರ್ಕ್‌ಷಾಪಿನಲ್ಲಿ ವ್ಯಾನನ್ನು ಎತ್ತಿ ನಿಲ್ಲಿಸಿ, ಲೀಫ್ ಸ್ಪ್ರಿಂಗು ದೂಲಕ್ಕೆ ಸೇರುವ ಜಾಗದಲ್ಲಿ ಮೆಕಾನಿಕ್ಕನು ಸ್ಕ್ರೂಡ್ರೈವರಿನಿಂದ ಒತ್ತಿದನು. ಅದು ಹಿಡಿಯವರೆಗೂ ಒಳಗೆ ಹೋಯಿತು. ಕಪ್ಪು ಬಣ್ಣದ ಕೆಳಗೆ ಒಂದು ತಗಡು, ಆ ತಗಡಿನ ಕೆಳಗೆ ತುಕ್ಕಿನ ಪುಡಿ, ಅದರ ಕೆಳಗೆ ಮತ್ತೊಂದು ತಗಡು, ಅದರ ಕೆಳಗೆ ಮತ್ತೆ ಪುಡಿ. “ಇನ್ನೊಂದು ತೇಪೆ ಹಾಕಿದರೆ ವೆಲ್ಡಿಂಗ್ ನಿಲ್ಲುವುದಿಲ್ಲ ಮಾರಾಯ್ರೆ, ಹಿಡಿಯಲಿಕ್ಕೆ ಕಬ್ಬಿಣವೇ ಇಲ್ಲ” ಎಂದು ಅವನು ಹೇಳಿದನಂತೆ. ಆ ವ್ಯಾನಿನಲ್ಲಿ ಅದೇ ದಿನ ಬೆಳಗ್ಗೆ ಎಂಟು ಮಕ್ಕಳು ಕುಳಿತು ಹೋಗಿದ್ದರು.

ತುಕ್ಕು ಹಿಡಿದ ದೂಲದ ಮೇಲೆ ತಗಡನ್ನು ಹಚ್ಚಿ, ಅಲ್ಲಲ್ಲಿ ಬೆಸುಗೆಯ ಚುಕ್ಕೆ ಇಟ್ಟು, ಕಪ್ಪು ಬಳಿಯುವ ಈ ಪದ್ಧತಿಯನ್ನು ರಿಪೇರಿ ಎಂದು ಕರೆಯಲು ನಾವು ಒಪ್ಪುವುದಿಲ್ಲ. ಏನನ್ನೂ ಮಾಡದೆ ಬಿಟ್ಟಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚಿನ ಕೇಡು ಇದರಿಂದ ಆಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಇದು ಬಿರುಸಿನ ಮಾತೆಂದು ತೋರಬಹುದು. ಆದರೆ ತುಕ್ಕಿನ ಸ್ವಭಾವವನ್ನು ಬಲ್ಲವರು ಬೇರೆ ರೀತಿ ಹೇಳಲಾರರು.

ಕಬ್ಬಿಣಕ್ಕೆ ನೀರೂ ಆಮ್ಲಜನಕವೂ ಒಟ್ಟಿಗೆ ದೊರೆತಾಗ ತುಕ್ಕು ಹುಟ್ಟುತ್ತದೆಂಬುದು ಸರ್ವವಿದಿತ. ಅಷ್ಟಾಗಿ ಜನರ ಗಮನಕ್ಕೆ ಬಾರದ ಸಂಗತಿಯೆಂದರೆ, ಇದು ಕೇವಲ ರಾಸಾಯನಿಕ ಕ್ರಿಯೆಯಲ್ಲ, ಒಂದು ಪುಟ್ಟ ವಿದ್ಯುತ್ಕೋಶದ ಕೆಲಸ. ಕೇಂಬ್ರಿಜ್ಜಿನ ಯು. ಆರ್. ಎವಾನ್ಸ್ ಎಂಬ ವಿಜ್ಞಾನಿಯು 1920ರ ದಶಕದಲ್ಲಿ ಇದನ್ನು ಬಹು ಸರಳವಾದ ಪ್ರಯೋಗದಿಂದ ತೋರಿಸಿಕೊಟ್ಟನು. ಹೊಳಪು ಕೊಟ್ಟ ಕಬ್ಬಿಣದ ಮೇಲೆ ಉಪ್ಪುನೀರಿನ ಒಂದು ಹನಿಯನ್ನಿಟ್ಟರೆ, ಗಾಳಿ ಸುಲಭವಾಗಿ ಸೇರುವ ಅಂಚಿನಲ್ಲಿ ಕಬ್ಬಿಣ ಸವೆಯುವುದಿಲ್ಲ; ಗಾಳಿ ಸರಿಯಾಗಿ ಮುಟ್ಟದ ನಡುಭಾಗದಲ್ಲಿಯೇ ಸವೆಯುತ್ತದೆ. ತುಕ್ಕು ಮಾತ್ರ ಇವೆರಡರ ನಡುವೆ ಉಂಗುರದಂತೆ ಕೂಡಿಕೊಳ್ಳುತ್ತದೆ. ಆಮ್ಲಜನಕ ಕಡಿಮೆ ಇರುವ ಸ್ಥಳವೇ ಕರಗುವ ಧ್ರುವವಾಗಿ, ಹೆಚ್ಚು ಇರುವ ಸ್ಥಳವು ಅದಕ್ಕೆ ಜೊತೆಯ ಧ್ರುವವಾಗಿ ಪರಿಣಮಿಸುತ್ತದೆ. ಉಪ್ಪು ನೀರನ್ನು ಒಳ್ಳೆಯ ವಾಹಕವನ್ನಾಗಿ ಮಾಡಿ ಈ ಕೆಲಸವನ್ನು ಚುರುಕುಗೊಳಿಸುತ್ತದೆ.

ಈಗ ತೇಪೆಯ ಕಡೆಗೆ ತಿರುಗೋಣ. ಹಳೆಯ ದೂಲಕ್ಕೂ ಹೊಸ ತಗಡಿಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಸುತ್ತಲೂ ಬೆಸುಗೆ ಕೂಡದಿದ್ದುದರಿಂದ ನೀರು ಅದರೊಳಗೆ ಹೀರಿಕೊಳ್ಳಲ್ಪಡುತ್ತದೆ; ಹೊರಗೆ ಬರಲು ದಾರಿ ಕಾಣದೆ ವಾರಗಟ್ಟಲೆ ಅಲ್ಲಿಯೇ ನಿಲ್ಲುತ್ತದೆ. ಗಾಳಿ ಮಾತ್ರ ಒಳಕ್ಕೆ ಹೋಗಲಾರದು. ಎವಾನ್ಸನ ಹನಿಯ ನಡುಭಾಗವನ್ನು ನಾವೇ ಕೈಯಾರೆ ನಿರ್ಮಿಸಿ, ಅದರ ಮೇಲೆ ಬಣ್ಣ ಬಳಿದು ಯಾರಿಗೂ ಕಾಣದಂತೆ ಮುಚ್ಚಿಟ್ಟಂತಾಯಿತು. ಬೆಸುಗೆಯ ಕಾವಿಗೆ ದೂಲದ ಒಳಮಗ್ಗುಲಿನ ಬಣ್ಣ ಸುಟ್ಟುಹೋಗಿ, ಅಲ್ಲಿಯೂ ಬರಿಯ ಉಕ್ಕು ತೇವಕ್ಕೆ ತೆರೆದುಕೊಳ್ಳುತ್ತದೆ. ಹುಟ್ಟಿದ ತುಕ್ಕು ಕಬ್ಬಿಣಕ್ಕಿಂತ ಹೆಚ್ಚಿನ ಜಾಗವನ್ನು ಬೇಡುವುದರಿಂದ ತೇಪೆಯನ್ನು ಉಬ್ಬಿಸಿ ಸಂದನ್ನು ಇನ್ನಷ್ಟು ಅಗಲಿಸುತ್ತದೆ. ಸಾಲದುದಕ್ಕೆ, ಮೆದುವಾದ ದೂಲದ ಮೇಲೆ ಗಡುಸಾದ ತೇಪೆ ಥಟ್ಟನೆ ಕೊನೆಗೊಳ್ಳುವ ಅಂಚಿನಲ್ಲಿ ಒತ್ತಡವೆಲ್ಲ ಗುಂಪುಗೂಡಿ ಅಲ್ಲಿಂದಲೇ ಬಿರುಕು ಹೊರಡುತ್ತದೆ.

ಕರಾವಳಿಯ ವಾಹನಗಳ ಪಾಲಿಗೆ ಇವೆಲ್ಲ ಇಮ್ಮಡಿ. ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ; ನೋಡುವ ಕಣ್ಣಿಗೆ ಅದು ಹಬ್ಬ, ವ್ಯಾನಿನ ಹೊಟ್ಟೆಗೆ ಅಲ್ಲ. ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರು ಬೇರೆ. ಮಳೆ ನಿಂತ ಮೇಲೆ ಎಲ್ಲವೂ ಒಣಗುತ್ತದೆಂದು ಭಾವಿಸುವವರಿದ್ದಾರೆ. ಅಡುಗೆಯ ಉಪ್ಪು ಗಾಳಿಯ ಆರ್ದ್ರತೆ ಸುಮಾರು ನೂರಕ್ಕೆ 75 ಮುಟ್ಟಿದಾಗ ತಾನಾಗಿಯೇ ನೀರೂರಿಸಿಕೊಳ್ಳುತ್ತದೆ. ಕಡಲ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗೆ ನೂರಕ್ಕೆ 33ರಷ್ಟು ಆರ್ದ್ರತೆಯೇ ಸಾಕು. ಆದುದರಿಂದ ಕರಾವಳಿಯಲ್ಲಿ ಉಪ್ಪು ಮೆತ್ತಿದ ದೂಲವು ವರ್ಷದ ಬಹುಭಾಗ ಒದ್ದೆಯಾಗಿಯೇ ಇರುತ್ತದೆ. ಕೊಡಚಾದ್ರಿಯ ಮೇಲಿನ ಕಬ್ಬಿಣದ ಕಂಬ ಇಷ್ಟು ಮಳೆಯಲ್ಲಿಯೂ ನಿಂತಿಲ್ಲವೆ ಎಂದು ಒಬ್ಬರು ನಮ್ಮನ್ನು ಕೇಳಿದ್ದುಂಟು. ಅದು ಹಳೆಯ ಕಮ್ಮಾರರು ಬಡಿದು ಕೂಡಿಸಿದ ದಪ್ಪ ಕಬ್ಬಿಣ. ವ್ಯಾನಿನ ದೂಲವೋ ತೆಳ್ಳನೆಯ ಉಕ್ಕಿನ ತಗಡು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಓಮ್ನಿಯಂಥ ವ್ಯಾನಿನಲ್ಲಿ ಲಾರಿಗಿರುವಂತೆ ಕಳಚಿ ತೆಗೆಯಬಹುದಾದ ಪ್ರತ್ಯೇಕ ಚಾಸಿಸ್ ಇಲ್ಲ. ನೆಲದ ತಗಡಿನ ಅಡಿಯಲ್ಲಿ ಪೆಟ್ಟಿಗೆಯಾಕಾರದ ದೂಲಗಳನ್ನು ಬೆಸೆದಿರುತ್ತಾರೆ. ಈ ದೂಲದ ತಗಡು ಒಂದೂವರೆ ಮಿಲಿಮೀಟರ್ ದಪ್ಪವಿದೆಯೆಂದು ಇಟ್ಟುಕೊಳ್ಳೋಣ. ಒಳಗಿನಿಂದ ಅರ್ಧ, ಹೊರಗಿನಿಂದ ಅರ್ಧ ಮಿಲಿಮೀಟರ್ ಸವೆದರೆ ಉಳಿಯುವುದು ಮೂರನೆಯ ಒಂದು ಪಾಲು. ಬಲವೂ ಮೂರನೆಯ ಒಂದು ಪಾಲು ಉಳಿಯಿತೆಂದು ಸಮಾಧಾನಪಡುವಂತಿಲ್ಲ. ತೆಳುತಗಡು ಮಡಿಚಿಕೊಳ್ಳದೆ ತಾಳಬಲ್ಲ ಒತ್ತಡವು ದಪ್ಪದ ವರ್ಗಕ್ಕೆ ಅನುಗುಣವಾದುದು. ಅದು ಒಂಬತ್ತನೆಯ ಒಂದಕ್ಕೆ ಇಳಿದಿರುತ್ತದೆ. ಹೊರಗಿನಿಂದ ನೋಡಿದರೆ ಮಾತ್ರ ದೂಲ ದೂಲದಂತೆಯೇ ಕಾಣುತ್ತದೆ.

ಹಾಗಾದರೆ ಸರಿಯಾದ ರಿಪೇರಿ ಯಾವುದು? ಮೊದಲು ಬಡಿದು ನೋಡಬೇಕು. ಗಟ್ಟಿ ಉಕ್ಕು ಸುತ್ತಿಗೆಗೆ ಟಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ದಬ್ ಎನ್ನುತ್ತದೆ. ಬಡಿಯುತ್ತ ಹೋಗಿ ಟಣ್ ಎನ್ನುವಲ್ಲಿಗೆ ಗೆರೆ ಎಳೆದು, ಅಷ್ಟನ್ನೂ ಕತ್ತರಿಸಿ ತೆಗೆಯಬೇಕು. ಕತ್ತರಿಸುವ ಮುನ್ನ ಬ್ಯಾಟರಿಯ ತಂತಿಯನ್ನು ಬಿಚ್ಚಬೇಕು. ಪೆಟ್ರೋಲ್ ಟ್ಯಾಂಕನ್ನೂ, ಗ್ಯಾಸಿನ ವ್ಯಾನಾದರೆ ಅದರ ಸಿಲಿಂಡರನ್ನೂ ಇಳಿಸಿ ದೂರ ಇರಿಸಬೇಕು. ಈ ಒಂದು ವಿಷಯದಲ್ಲಿ ಅವಸರ ಮಾಡಿ ಪ್ರಾಣ ಕಳೆದುಕೊಂಡವರು ಉಂಟು. ವಾಹನಕ್ಕೆ ಹಲವೆಡೆ ಆನಿಕೆ ಕೊಟ್ಟು, ಮೂಲೆಯಿಂದ ಮೂಲೆಗೆ ಅಳತೆ ತೆಗೆದುಕೊಂಡಿರಬೇಕು. ಇಲ್ಲವಾದರೆ ದೂಲವನ್ನು ಕತ್ತರಿಸಿದೊಡನೆ ನೆಲ ಜೋತು, ಆಮೇಲೆ ಬಾಗಿಲು ಹಾಕಿಕೊಳ್ಳದು, ವ್ಯಾನು ನೇರವಾಗಿ ಓಡದು. ಹೊಸ ತುಂಡು ಮೂಲದಷ್ಟೇ ದಪ್ಪದ್ದಾಗಿರಬೇಕು. ದಪ್ಪ ಹೆಚ್ಚಾದಷ್ಟೂ ಒಳ್ಳೆಯದೆಂಬ ಭಾವನೆ ತಪ್ಪು. ಬಲದ ವ್ಯತ್ಯಾಸವೇ ಬಿರುಕಿಗೆ ತವರು. ಜೋಡಣೆಯ ಗೆರೆ ದೂಲಕ್ಕೆ ಅಡ್ಡಲಾಗಿ ನೇರವಾಗಿರದೆ ಓರೆಯಾಗಿದ್ದರೆ ಒತ್ತಡ ಒಂದೇ ಕಡೆ ಬೀಳುವುದಿಲ್ಲ. ಇಂಥ ತೆಳುತಗಡಿಗೆ ಕಡ್ಡಿಯ ಆರ್ಕ್ ವೆಲ್ಡಿಂಗ್ ತಕ್ಕುದಲ್ಲ, ಅದು ತೂತು ಬೀಳಿಸುತ್ತದೆ. ನಮ್ಮ ಗ್ಯಾರೇಜುಗಳವರು ಸಿ.ಓ.ಟೂ ಎಂದು ಕರೆಯುವ ವೆಲ್ಡಿಂಗ್ ಉತ್ತಮ. ಬೆಸುಗೆ ಸುತ್ತಲೂ ಎಡೆಬಿಡದೆ ಕೂಡಬೇಕು.

ಇಷ್ಟಾದ ಮೇಲೆ ಅರ್ಧ ಕೆಲಸ ಮುಗಿದಂತೆ. ತುಕ್ಕು ಹೆಚ್ಚಾಗಿ ಹುಟ್ಟುವುದು ದೂಲದ ಒಳಗೆ. ಅಲ್ಲಿಗೆ ಕುಂಚ ಹೋಗದು. ಉದ್ದನೆಯ ನಳಿಗೆಯಿಂದ ಮೇಣದಂಥ ದ್ರವವನ್ನು ಒಳಗೆ ಸಿಂಪಡಿಸಿ, ನೀರು ಬಸಿಯಲು ತಯಾರಕರು ಇಟ್ಟಿರುವ ರಂಧ್ರಗಳನ್ನು ತೆರೆದಿಡಬೇಕು. ಆ ರಂಧ್ರಗಳನ್ನೇ ಕಪ್ಪು ಬಣ್ಣದಿಂದ ಮುಚ್ಚಿಬಿಡುವ ಪುಣ್ಯಾತ್ಮರನ್ನು ನಾವು ಕಂಡಿದ್ದೇವೆ. ತುಕ್ಕನ್ನು ಕಪ್ಪಾಗಿ ಮಾರ್ಪಡಿಸುವ ದ್ರವಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಮೇಲುಮೇಲಿನ ತುಕ್ಕಿಗೆ ಅವು ಸಾಕು, ಸವೆದುಹೋದ ದಪ್ಪವನ್ನು ಯಾವ ದ್ರವವೂ ಮರಳಿಸಲಾರದು.

ನಮ್ಮ ಗೃಹಸ್ಥರಿಗೆ ಒಂದು ಕಡೆ ತೇಪೆಗೆ 2,000 ರೂಪಾಯಿ ಕೇಳಿದ್ದರು. ಕತ್ತರಿಸಿ ಬೆಸೆಯಲು ಇನ್ನೊಬ್ಬರು ಕೇಳಿದ್ದು 18,000. ಈ ಅಂತರದಲ್ಲಿಯೇ ತೇಪೆಯ ಮೂಲವಿದೆ. “ಎಫ್.ಸಿ.ಗೆ ಪಾಸಾಗುವಷ್ಟು ಮಾಡಿಕೊಡಿ, ಸಾಕು” ಎಂದು ಕೇಳುವವರು ನಾವು, ಅಷ್ಟನ್ನೇ ಮಾಡಿಕೊಟ್ಟ ಟಿಂಕರನನ್ನು ಆಮೇಲೆ ಮೋಸಗಾರನೆಂದು ಬೈಯುವವರೂ ನಾವು. ಇದು ನ್ಯಾಯವಲ್ಲ. ಹಾಗೆಂದು, ಕೊಳೆತದ್ದನ್ನು ಕಪ್ಪು ಬಳಿದು ಮುಚ್ಚಿ, ಶಾಲೆಯ ಮಕ್ಕಳನ್ನು ಹತ್ತಿಸಲಿರುವವನಿಗೆ ಮಾರುವುದನ್ನು ಬಡತನದ ನೆಪದಲ್ಲಿ ಕ್ಷಮಿಸಲೂ ನಮ್ಮಿಂದಾಗದು.

ಬಾಡಿಗೆಯ ವಾಹನಗಳು ಎಂಟು ವರ್ಷದ ಬಳಿಕ ಪ್ರತಿವರ್ಷವೂ ಎಫ್.ಸಿ. ಮಾಡಿಸಬೇಕು, ಸ್ವಂತ ಬಳಕೆಯವಾದರೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ಬ್ರೇಕು, ದೀಪ, ಹೊಗೆ ಇವನ್ನು ಯಂತ್ರಗಳು ಅಳೆಯಬಲ್ಲವು. ಹೊಸ ಬಣ್ಣದಡಿಯ ತುಕ್ಕನ್ನು ಕಂಡುಹಿಡಿಯಲು ಮನುಷ್ಯನೇ ಕೆಳಗಿಳಿಯಬೇಕು. ಬ್ರಿಟನ್ನಿನಲ್ಲಿ 1960ರಲ್ಲಿ ಆರಂಭವಾದ ಎಂ.ಓ.ಟಿ. ಎಂಬ ವಾರ್ಷಿಕ ಪರೀಕ್ಷೆಯ ಇಂದಿನ ನಿಯಮ ಇಲ್ಲಿ ನೆನೆಯತಕ್ಕದ್ದು. ಬ್ರೇಕು, ಸ್ಟಿಯರಿಂಗು, ಸ್ಪ್ರಿಂಗು, ಸೀಟುಬೆಲ್ಟು ಇವುಗಳ ಆಧಾರಗಳಿಂದ 30 ಸೆಂಟಿಮೀಟರಿನೊಳಗೆ ದೂಲವು ಬಲಗುಂದುವಷ್ಟು ತುಕ್ಕು ಹಿಡಿದಿದ್ದರೆ ವಾಹನ ತೇರ್ಗಡೆಯಾಗದು. ಪರೀಕ್ಷಕನು ಬೆರಳಿನಿಂದ ಒತ್ತಿ, ಸಲಕರಣೆಯಿಂದ ಮೆಲ್ಲನೆ ಬಡಿದು ನೋಡುತ್ತಾನೆ. ಅಲ್ಲಿ ತಗಡು ಹಾಕಿದ್ದರೆ ಸುತ್ತಲೂ ಬೆಸುಗೆ ಕೂಡಿರಬೇಕು. ಉಪ್ಪುಗಾಳಿಯ ನಮ್ಮ ಜಿಲ್ಲೆಗಳಲ್ಲಾದರೂ ಇಂಥ ಪರೀಕ್ಷೆ ಕಟ್ಟುನಿಟ್ಟಾಗಿ ನಡೆಯಬೇಕು. ಅದರ ಜೊತೆಗೆ, ದೂಲಕ್ಕೆ ಬೆಸುಗೆಯಾದ ವಾಹನವನ್ನು ಕಪ್ಪು ಬಳಿಯುವ ಮೊದಲೇ ಪರೀಕ್ಷೆಗೆ ತರಬೇಕೆಂದು ನಿಯಮ ಮಾಡಿದರೆ ತೇಪೆಯ ವ್ಯಾಪಾರ ತಾನಾಗಿಯೇ ಇಳಿಯುತ್ತದೆಂದು ನಾವು ನಂಬುತ್ತೇವೆ.

ಎಲ್ಲ ವ್ಯಾನುಗಳನ್ನೂ ಉಳಿಸಬಹುದೆಂದು ನಾವು ಹೇಳುತ್ತಿಲ್ಲ. ಸ್ಪ್ರಿಂಗಿನ ಆಧಾರ ಎರಡು ಮಗ್ಗುಲಲ್ಲಿಯೂ ಕೊಳೆತು, ಬೆಸೆಯಲು ಟಣ್ ಎನ್ನುವ ಉಕ್ಕು ಸುತ್ತಲೆಲ್ಲೂ ಸಿಗದಿದ್ದರೆ, ಅದನ್ನು ಗುಜರಿಗೆ ಹಾಕುವುದೇ ಲೇಸು. ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿತು. ರಸ್ತೆಯಲ್ಲಿರುವ ಓಮ್ನಿಗಳೆಲ್ಲ ಇನ್ನು ಹಳತಾಗುತ್ತಲೇ ಹೋಗತಕ್ಕವು. ಈ ಪ್ರಶ್ನೆ ಬಹು ಮನೆಗಳ ಅಂಗಳಕ್ಕೆ ಬರಲಿದೆ.

ನಮ್ಮ ಗೃಹಸ್ಥರ ವ್ಯಾನಿನ ಬಲಮಗ್ಗುಲು ಗಟ್ಟಿಯಾಗಿತ್ತು. ಅವರು ಸಾಲ ಮಾಡಿ ಎಡದೂಲವನ್ನು ಕತ್ತರಿಸಿ ಬೆಸೆಯಿಸಿದರು. ಒಂಬತ್ತು ದಿನ ಮಕ್ಕಳು ಬಸ್ಸಿನಲ್ಲಿ ಹೋದರು. ಕತ್ತರಿಸಿದ ದೂಲದ ಫೋಟೋಗಳು ಈಗ ಆರ್.ಸಿ. ಪುಸ್ತಕದ ಲಕೋಟೆಯಲ್ಲಿವೆ, ಮಾರುವ ದಿನ ಬಂದರೆ ಕೊಳ್ಳುವವರಿಗೆ ತೋರಿಸಬೇಕೆಂದು ಅವರ ಉದ್ದೇಶ. ಶನಿವಾರ ಸಂಜೆ ಬಾವಿಯ ಸಿಹಿನೀರಿನಿಂದ ವ್ಯಾನಿನ ಅಡಿಯನ್ನು ತೊಳೆಯುತ್ತಾರೆ, ಆಷಾಢದ ಮಳೆ ಸುರಿಯುತ್ತಿರುವಾಗಲೂ. ನೆರೆಯವರು ನಗುತ್ತಾರಂತೆ. ಮಳೆ ವ್ಯಾನಿನ ಮಾಡನ್ನು ತೊಳೆಯುತ್ತದೆ, ಹೊಟ್ಟೆಯನ್ನಲ್ಲ ಎಂದು ಅವರು ಮರುನುಡಿಯುತ್ತಾರೆ.